ಶಿಕ್ಷೆಗೂ ಒಂದು ಅಳತೆಯುಂಟು

ಓದುಗರ ಪ್ರಶ್ನೆ – ನಮ್ಮ ಉತ್ತರ

ದೇವರು ತನ್ನ ಜನರನ್ನು ಶಿಕ್ಷಿಸುವುದು, ಕರುಣಿಸುವುದು – ಇವೆರಡರ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಓದುವಾಗ ಬೈಬಲ್ ಪಕ್ಕದಲ್ಲಿರಲಿ. ವಚನದ ಸಂಖ್ಯೆಗಳನ್ನು ಕೊಟ್ಟಿರುವುದು ನೀವೇ ತೆರೆದು ನೋಡಲೆಂದು.

ಪ್ರಶ್ನೆ: ಕರ್ತನು ತಾನು ಪ್ರೀತಿಸುವವರನ್ನೇ ಶಿಕ್ಷಿಸುತ್ತಾನೆ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಪ್ರೀತಿ ಇದ್ದ ಮೇಲೆ ಶಿಕ್ಷೆ ಯಾಕೆ?

‘ಶಿಕ್ಷೆ’ ಎಂದ ಕೂಡಲೇ ನಮಗೆ ಕೋರ್ಟು, ಜೈಲು, ದಂಡ ನೆನಪಾಗುತ್ತವೆ. ಆದರೆ ಶಿಕ್ಷಣ, ಶಿಕ್ಷಕ ಎಂಬ ಮಾತುಗಳೂ ಅದೇ ಬೇರಿನಿಂದ ಬಂದವು. ಬೈಬಲಿನ ಮೂಲ ಪದಕ್ಕೂ ಇದೇ ಎರಡು ಮುಖ. ಇಬ್ರಿಯ 12:5–6 ಎತ್ತಿ ಹೇಳುತ್ತಿರುವುದು ಜ್ಞಾನೋಕ್ತಿ 3:11–12ನ್ನು. ಅಲ್ಲಿನ ಹೀಬ್ರೂ ಪದ ‘ಮೂಸಾರ್’. ಪಾಠ, ಎಚ್ಚರಿಕೆ, ಗದರಿಕೆ, ಏಟು – ಎಲ್ಲವೂ ಅದರೊಳಗೆ ಬರುತ್ತವೆ. ಗ್ರೀಕಿನಲ್ಲಿ ಅದು ‘ಪೈದೇಯ’ ಆಯಿತು. ‘ಪೈಸ್’ ಅಂದರೆ ಮಗು. ಮಗುವನ್ನು ಬೆಳೆಸಿ ಮನುಷ್ಯನನ್ನಾಗಿ ಮಾಡುವ ಇಡೀ ಕೆಲಸಕ್ಕೆ ಇಟ್ಟ ಹೆಸರು ಅದು.

ಹಾಗೆಂದು ಆ ಪದವನ್ನು ತೀರಾ ಮೆತ್ತಗೆ ಮಾಡುವುದೂ ತಪ್ಪು. ಯೇಸುವನ್ನು ಹೊಡಿಸಿ ಬಿಟ್ಟುಬಿಡುತ್ತೇನೆಂದು ಪಿಲಾತನು ಹೇಳುವಲ್ಲಿ (ಲೂಕ 23:16) ಇರುವುದೂ ಇದೇ ಪದದ ಕ್ರಿಯಾರೂಪ. ಸದ್ಯಕ್ಕೆ ಯಾವ ಶಿಕ್ಷೆಯೂ ಸಂತೋಷವಾಗಿ ತೋರದು, ದುಃಖವಾಗಿಯೇ ತೋರುತ್ತದೆ ಎಂದು ಇಬ್ರಿಯ 12:11 ಒಪ್ಪಿಕೊಂಡೇ ಮಾತಾಡುತ್ತದೆ. ಉದ್ದೇಶವನ್ನು 10ನೇ ವಚನ ಹೇಳುತ್ತದೆ: ಆತನ ಪರಿಶುದ್ಧತೆಯಲ್ಲಿ ನಾವೂ ಪಾಲುಗಾರರಾಗಬೇಕು. ನ್ಯಾಯಾಧೀಶ ತೀರ್ಪು ಕೊಟ್ಟು ಎದ್ದು ಹೋಗುತ್ತಾನೆ, ಅಪರಾಧಿ ಮುಂದೆ ಏನಾದ ಎಂಬುದು ಅವನ ಚಿಂತೆಯಲ್ಲ. ತಂದೆಗೆ ಮುಂದಿನದೇ ಚಿಂತೆ. ಇಲ್ಲಿರುವುದು ತಂದೆಯ ಶಿಕ್ಷೆ.

‘ಕರುಣೆ’ ಎಂಬುದಕ್ಕೂ ಹೀಬ್ರೂವಿನಲ್ಲಿ ಒಂದಕ್ಕಿಂತ ಹೆಚ್ಚು ಪದಗಳಿವೆ. ‘ಹೆಸೆದ್’ ಅಂದರೆ ಕೊಟ್ಟ ಮಾತಿಗೆ, ಕಟ್ಟಿಕೊಂಡ ಸಂಬಂಧಕ್ಕೆ ಬಿಡದೆ ಅಂಟಿಕೊಂಡಿರುವ ಪ್ರೀತಿ. ‘ರಹಮೀಮ್’ ಎಂಬುದು ‘ರೆಹೆಮ್’ ಅಂದರೆ ಗರ್ಭಕ್ಕೆ ಹತ್ತಿರದ ಪದ. ಹೆತ್ತ ಕರುಳು ಎನ್ನುತ್ತೇವಲ್ಲ, ಅದು. ಯೆರೆಮೀಯ 31:20ರಲ್ಲಿ ದೇವರು ತಾನೇ ಗದರಿಸಿದ ಎಫ್ರಾಯೀಮನ್ನು, ಅಂದರೆ ಇಸ್ರಾಯೇಲ್ ಜನರನ್ನು, ನೆನೆದು, ಅವನಿಗಾಗಿ ನನ್ನ ಕರುಳು ಮರುಗುತ್ತದೆ ಎನ್ನುತ್ತಾನೆ. ಮೂಲದಲ್ಲಿರುವ ಪದಕ್ಕೆ ಕರುಳು ಎಂದೇ ಅರ್ಥ. ಬೇರೆ ಎಷ್ಟೋ ಭಾಷೆಯವರು ಇದನ್ನು ‘ಹೃದಯ’ ಎಂದು ಬದಲಿಸಿಕೊಳ್ಳಬೇಕಾಗುತ್ತದೆ. ಕನ್ನಡಕ್ಕೆ ಆ ತೊಂದರೆಯಿಲ್ಲ.

ಪ್ರಶ್ನೆ: ಯಾಜಕಕಾಂಡ 26ನ್ನು ಓದಿದರೆ ಮೈ ನಡುಗುತ್ತದೆ. ‘ಏಳರಷ್ಟು ಶಿಕ್ಷಿಸುವೆನು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇದರಲ್ಲಿ ಕರುಣೆಯನ್ನು ಎಲ್ಲಿ ಹುಡುಕುವುದು?

ಅಧ್ಯಾಯದ ಕಟ್ಟಡವನ್ನು ನೋಡದೆ ಬರೀ ಶಾಪಗಳನ್ನು ಓದಿದರೆ ಕರುಣೆ ಕಾಣುವುದಿಲ್ಲ. ಒಂದು ಪೆನ್ಸಿಲ್ ತೆಗೆದುಕೊಳ್ಳಿ. 3ರಿಂದ 13ರವರೆಗೆ ಆಶೀರ್ವಾದ. 14ರಿಂದ 39ರವರೆಗೆ ಎಚ್ಚರಿಕೆ. 40ರಿಂದ 45ರವರೆಗೆ ಹಿಂದಿರುಗುವ ದಾರಿ. ಇನ್ನು ನಡುವಿನ ಭಾಗದಲ್ಲಿ 18, 21, 23, 27ನೇ ವಚನಗಳ ಕೆಳಗೆ ಗೆರೆ ಎಳೆಯಿರಿ. ನಾಲ್ಕರಲ್ಲೂ ಒಂದೇ ಧಾಟಿ: ಇಷ್ಟಾದರೂ ನೀವು ಕೇಳದೆ ಹೋದರೆ.

ಆ ನಾಲ್ಕು ಗೆರೆಗಳು ನಾಲ್ಕು ನಿಲ್ದಾಣಗಳು. ಮೊದಲು ಕಾಯಿಲೆ, ಬಿತ್ತಿದ್ದು ವೈರಿಯ ಪಾಲು. ಅಲ್ಲಿ ನಿಂತು ಕೇಳುತ್ತಾನೆ. ಆಮೇಲೆ ಆಕಾಶ ಕಬ್ಬಿಣ, ಭೂಮಿ ತಾಮ್ರ, ಅಂದರೆ ಮಳೆ ಇಲ್ಲ, ಬೆಳೆ ಇಲ್ಲ. ಮತ್ತೆ ನಿಂತು ಕೇಳುತ್ತಾನೆ. ಅನಂತರ ಕಾಡುಮೃಗಗಳು. ಅದಾದ ಮೇಲೆ ಕತ್ತಿ, ವ್ಯಾಧಿ, ಬರ. ಹತ್ತು ಹೆಂಗಸರು ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟು ತೂಕ ಹಾಕಿ ಹಂಚುವ ಸ್ಥಿತಿ (26ನೇ ವಚನ). ಕೊನೆಗೆ ಮುತ್ತಿಗೆ, ಹಾಳು, ಸೆರೆ. ನಾಶ ಮಾಡುವುದೇ ಗುರಿಯಾಗಿದ್ದರೆ ಕೊನೆಯದರಿಂದಲೇ ಶುರು ಮಾಡಬಹುದಿತ್ತು. ಇಲ್ಲಿ ಪ್ರತಿ ಹಂತದಲ್ಲೂ ಬಾಗಿಲು ತೆರೆದೇ ಇದೆ. 18, 23, 28ನೇ ವಚನಗಳಲ್ಲಿರುವ ಕ್ರಿಯಾಪದವೂ ‘ಮೂಸಾರ್’ ಹುಟ್ಟಿದ ಧಾತುವಿನದೇ. 23ನೇ ವಚನದ ನೇರ ಅರ್ಥ, ಇವುಗಳಿಂದಲೂ ನೀವು ನನ್ನ ಕಡೆಗೆ ತಿದ್ದಿಕೊಳ್ಳದಿದ್ದರೆ, ಎಂದು.

ಅಂತೂ ಸೆರೆಗೆ ಹೋದ ಮೇಲೂ 44ನೇ ವಚನ ಉಳಿದಿದೆ: ಶತ್ರುಗಳ ದೇಶದಲ್ಲಿ ಅವರಿರುವಾಗಲೂ ನಾನು ಅವರನ್ನು ತಳ್ಳಿಬಿಡೆನು, ಒಡಂಬಡಿಕೆಯನ್ನು ಮುರಿಯೆನು. 40ನೇ ವಚನದಲ್ಲಿ ಅವರಿಂದ ಕೇಳಿರುವುದೇನೆಂದೂ ಗಮನಿಸಿ. ತಮ್ಮ ಪಾಪವನ್ನೂ ತಮ್ಮ ತಂದೆಗಳ ಪಾಪವನ್ನೂ ಒಪ್ಪಿಕೊಳ್ಳುವುದು. ಅದಕ್ಕೆ ಮೊದಲು ಯಜ್ಞವನ್ನಾಗಲಿ ಹಣವನ್ನಾಗಲಿ ಕೇಳಿಲ್ಲ. ಸೆರೆಯಲ್ಲಿರುವವನಿಗೆ ಯಜ್ಞವೇದಿ ಎಲ್ಲಿಂದ ಬರಬೇಕು? ಬಾಯೊಂದು ಅವನ ಜೊತೆಗೇ ಇರುತ್ತದೆ.

ಆಮೋಸ 4:6–11ನ್ನೂ ಇದರೊಂದಿಗೆ ಓದಿ. ಬರ, ಮಳೆಯಿಲ್ಲದಿರುವುದು, ಬೆಳೆರೋಗ, ವ್ಯಾಧಿ, ಬೆಂಕಿ – ಒಂದೊಂದಾದ ಮೇಲೂ ಒಂದೇ ಪಲ್ಲವಿ, ಒಟ್ಟು ಐದು ಸಲ: ಆದರೂ ನೀವು ನನ್ನ ಕಡೆಗೆ ತಿರುಗಿಕೊಳ್ಳಲಿಲ್ಲ. ಅದನ್ನು ಗಟ್ಟಿಯಾಗಿ ಓದಿದರೆ ಸಿಟ್ಟಿಗಿಂತ ನೋವೇ ಹೆಚ್ಚು ಕೇಳಿಸುತ್ತದೆ.

ಪ್ರಶ್ನೆ: ದಾವೀದನನ್ನು ದೇವರು ಕ್ಷಮಿಸಿದನು, ಸರಿ. ಕ್ಷಮಿಸಿದ ಮೇಲೂ ಮಗು ಸತ್ತಿತಲ್ಲ. ಹಾಗಾದರೆ ಕ್ಷಮೆ ಎಂದರೇನು?

ಇದಕ್ಕೆ ಮೊದಲು ಅರಣ್ಯಕಾಂಡ 14ಕ್ಕೆ ಹೋಗೋಣ. ವಾಗ್ದತ್ತ ದೇಶವನ್ನು ನೋಡಿ ಬಂದವರ ‘ಅಲ್ಲಿಯವರನ್ನು ಗೆಲ್ಲಲಾರೆವು’ ಎಂಬ ಮಾತು ಕೇಳಿ ಜನ ದಂಗೆಯೆದ್ದರು. ಮೋಶೆ ಬೇಡಿಕೊಂಡ. 20ನೇ ವಚನದಲ್ಲಿ ‘ಕ್ಷಮಿಸಿದ್ದೇನೆ’ ಎಂಬ ಉತ್ತರ ಬಂತು. ಆದರೆ ಅದರ ಬೆನ್ನಿಗೇ, 20 ವರ್ಷ ಮೇಲ್ಪಟ್ಟು ಲೆಕ್ಕಕ್ಕೆ ಸೇರಿದವರಲ್ಲಿ ಕಾಲೇಬ, ಯೆಹೋಶುವ ಇಬ್ಬರನ್ನು ಬಿಟ್ಟು ಯಾರೂ ಆ ದೇಶ ಸೇರರು ಎಂಬ ತೀರ್ಪು. ದೇಶವನ್ನು ನೋಡಿದ್ದು 40 ದಿನ, ದಿನಕ್ಕೊಂದು ವರ್ಷದಂತೆ 40 ವರ್ಷ ಅಲೆದಾಟ (34ನೇ ವಚನ).

ಕ್ಷಮೆ ಆ ನಲವತ್ತು ವರ್ಷಗಳಲ್ಲಿ ಎಲ್ಲಿತ್ತು? ಪ್ರತಿ ದಿನ ಬೆಳಿಗ್ಗೆ ಗುಡಾರದ ಹೊರಗೆ ಬಿದ್ದಿರುತ್ತಿತ್ತು. ಆಕಾಶದಿಂದ ಸುರಿದ ಆಹಾರವಾದ ಮನ್ನ ಒಬ್ಬರಿಗೆ ಒಂದು ಓಮೆರ್ ಅಳತೆ, ಆರನೇ ದಿನ ಎರಡು. ಅವರನ್ನು ಶಿಕ್ಷಿಸಿದವನೇ ಒಂದು ದಿನವೂ ಉಪವಾಸ ಕೆಡವಲಿಲ್ಲ. ಬಟ್ಟೆ ಸವೆಯಲಿಲ್ಲ, ಕಾಲು ಬಾತುಕೊಳ್ಳಲಿಲ್ಲ ಎಂದು ಧರ್ಮೋಪದೇಶಕಾಂಡ 8:4 ಹೇಳುತ್ತದೆ. ಮರುವಚನದಲ್ಲೇ, ತಂದೆ ಮಗನನ್ನು ಶಿಕ್ಷಿಸುವಂತೆ ನಿನ್ನ ದೇವರು ನಿನ್ನನ್ನು ಶಿಕ್ಷಿಸಿದನೆಂದು ಮನಸ್ಸಿಗೆ ತಂದುಕೋ ಎಂದಿದೆ. ಕ್ಷಮೆ ಸಂಬಂಧವನ್ನು ಉಳಿಸಿತು, ಜನಾಂಗವನ್ನು ಉಳಿಸಿತು. ಮಾಡಿದ್ದರ ಫಲವನ್ನು ಅಳಿಸಿಹಾಕಲಿಲ್ಲ.

ಅಲ್ಲಿ ಇನ್ನೊಂದು ತಪ್ಪೂ ನಡೆಯಿತು. ತೀರ್ಪು ಕೇಳಿದ ಮರುದಿನ ಬೆಳಿಗ್ಗೆಯೇ ಜನ, ಪಾಪ ಮಾಡಿದೆವು, ಈಗ ಹೊರಟುಬಿಡುತ್ತೇವೆ ಎಂದು ಬೆಟ್ಟ ಹತ್ತಿದರು, ಹೊರ್ಮ ಎಂಬಲ್ಲಿಯವರೆಗೆ ಪೆಟ್ಟು ತಿಂದು ಚದರಿದರು (39–45). ಪಾಪವನ್ನು ಒಪ್ಪಿಕೊಂಡವರು ಅದರ ಫಲವನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಇಂದಿಗೂ ಪಶ್ಚಾತ್ತಾಪ ಅನೇಕರಿಗೆ ಎಡವುವುದು ಇಲ್ಲಿಯೇ: ‘ತಪ್ಪಾಯಿತು’ ಎಂದ ಕೂಡಲೇ ಎಲ್ಲವೂ ಮೊದಲಿನಂತಾಗಬೇಕೆಂಬ ಆತುರ.

ಇನ್ನು ದಾವೀದ. ಈ ಅರಸನು ತನ್ನ ಸೈನಿಕ ಊರೀಯನ ಹೆಂಡತಿಯೊಡನೆ ಹಾದರ ಮಾಡಿ, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ್ದನು. ಸತ್ತದ್ದು ಆ ಹೆಂಗಸಿನಲ್ಲಿ ಅವನಿಗೆ ಹುಟ್ಟಿದ ಮಗು. 2 ಸಮುವೇಲ 12:13ರಲ್ಲಿ ಅವನ ತಪ್ಪೊಪ್ಪಿಗೆ ಹೀಬ್ರೂವಿನಲ್ಲಿ ಎರಡೇ ಎರಡು ಪದ. ಅದೇ ವಚನದಲ್ಲಿ ಪ್ರವಾದಿ ನಾತಾನನ ಉತ್ತರವೂ ಇದೆ: ಯೆಹೋವನು ನಿನ್ನ ಪಾಪವನ್ನು ಪರಿಹರಿಸಿದ್ದಾನೆ, ನೀನು ಸಾಯುವುದಿಲ್ಲ. ಹಾದರಕ್ಕೂ ಕೊಲೆಗೂ ಧರ್ಮಶಾಸ್ತ್ರದಲ್ಲಿ ಮರಣವೇ ದಂಡನೆಯಾಗಿತ್ತು, ಅದು ತಪ್ಪಿತು. ಆದರೆ ಊರೀಯ ಸತ್ತದ್ದು ಸತ್ತದ್ದೇ. ಅರಸನ ಮನೆಯೊಳಕ್ಕೆ ತಂದ ಕತ್ತಿ ಮನೆಯೊಳಗೇ ತಿರುಗಿತು. ಅವನ ಮಕ್ಕಳಾದ ಅಮ್ನೋನ, ಅಬ್ಷಾಲೋಮರ ಕಥೆ ಮುಂದಿನ ಅಧ್ಯಾಯಗಳಲ್ಲಿದೆ.

ಮಗುವಿನ ಸಾವು ಮಾತ್ರ ಓದಲು ಕಷ್ಟವಾದದ್ದು. ಅದನ್ನು ನುಣುಪು ಮಾಡಿ ವಿವರಿಸಲು ಹೋಗಬಾರದು ಎಂಬುದು ನಮ್ಮ ಅಭಿಪ್ರಾಯ, ಗ್ರಂಥವೂ ಹಾಗೆ ಮಾಡಿಲ್ಲ. ಏಳು ದಿನ ನೆಲಕ್ಕೆ ಬಿದ್ದು ಬೇಡಿದ ತಂದೆಯನ್ನಷ್ಟೇ ನಮ್ಮ ಮುಂದೆ ಇಡುತ್ತದೆ. ಒಂದು ಮಾತನ್ನು ಖಂಡಿತವಾಗಿ ಹೇಳುತ್ತೇವೆ: ಮಗುವನ್ನು ಕಳಕೊಂಡ ಯಾವ ತಾಯಿತಂದೆಗೂ ಈ ಅಧ್ಯಾಯವನ್ನು ಓದಿ ತೋರಿಸಬೇಡಿ. ಇಲ್ಲಿ ಕಾರಣವನ್ನು ತಿಳಿಸಲು ಒಬ್ಬ ಪ್ರವಾದಿ ಕಳುಹಿಸಲ್ಪಟ್ಟಿದ್ದ. ನಮ್ಮನ್ನು ಯಾರೂ ಹಾಗೆ ಕಳುಹಿಸಿಲ್ಲ. ಅದೇ ನಾತಾನ 25ನೇ ವಚನದಲ್ಲಿ ಮತ್ತೆ ಬರುತ್ತಾನೆ, ಈ ಸಲ ದಾವೀದನಿಗೆ ಆಮೇಲೆ ಹುಟ್ಟಿದ ಮಗ ಸೊಲೊಮೋನನಿಗೆ ‘ಯೆದೀದ್ಯ’ ಎಂಬ ಹೆಸರು ಹೊತ್ತುಕೊಂಡು. ಯೆಹೋವನಿಗೆ ಪ್ರಿಯನು ಎಂದು ಅದರ ಅರ್ಥ.

ಪ್ರಶ್ನೆ: ಕಷ್ಟ ಬಂದಾಗ ಅದು ದೇವರ ಶಿಕ್ಷೆಯೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಇನ್ನೊಬ್ಬರ ವಿಷಯದಲ್ಲಿ: ತಿಳಿಯಲು ಹೋಗಬೇಡಿ. ತಪ್ಪಿಲ್ಲದೆ ಕಷ್ಟಕ್ಕೆ ಸಿಕ್ಕಿದ ಯೋಬನ ಗೆಳೆಯರು ಅದನ್ನೇ ಮಾಡಿದರು, ಕೊನೆಗೆ ದೇವರ ಕೋಪ ಉರಿದದ್ದು ಅವರ ಮೇಲೆ (ಯೋಬ 42:7). ಹುಟ್ಟುಕುರುಡನ ಬಗ್ಗೆ ಶಿಷ್ಯರು ಪಾಪ ಯಾರದೆಂದು ಕೇಳಿದಾಗ ಯೇಸು, ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದನು (ಯೋಹಾನ 9:3). ಸಿಲೊವಾದ ಬುರುಜು ಬಿದ್ದು ಸತ್ತ 18 ಮಂದಿ ಮಿಕ್ಕವರಿಗಿಂತ ಹೆಚ್ಚು ಅಪರಾಧಿಗಳಲ್ಲ ಎಂದೂ ಹೇಳಿದನು (ಲೂಕ 13:4–5).

ನಿಮ್ಮ ವಿಷಯದಲ್ಲಿ: ಬೈಬಲಿನಲ್ಲಿ ಶಿಕ್ಷೆ ಎಂದು ಹೆಸರಿಟ್ಟ ಕಡೆಗಳಲ್ಲೆಲ್ಲ ತಪ್ಪು ಯಾವುದೆಂದು ಹೇಳಿರುತ್ತದೆ. ಊರೀಯ, ಚಿನ್ನದ ಬಸವ, ಬಡವನ ಹೊಲ – ಹೆಸರಿರುತ್ತದೆ, ತಿದ್ದಿಕೊಳ್ಳುವ ದಾರಿಯೂ ಇರುತ್ತದೆ. ಪ್ರಾರ್ಥಿಸಿ ನಿಮ್ಮನ್ನು ಪರೀಕ್ಷಿಸಿಕೊಳ್ಳಿ. ನಿರ್ದಿಷ್ಟವಾದ ಒಂದು ತಪ್ಪು ಎದುರಿಗೆ ಬಂದರೆ ಅದನ್ನು ಒಪ್ಪಿಕೊಂಡು ಸರಿಪಡಿಸಿ. ಏನೂ ಹೊಳೆಯದೆ, ‘ನಾನು ಕೆಟ್ಟವನು’ ಎಂಬ ಮಂಕು ಮಾತ್ರ ಕವಿದಿದ್ದರೆ ಅದನ್ನು ದೇವರ ಮಾತೆಂದು ತಿಳಿಯಬೇಡಿ. ಹತ್ತು ವರ್ಷದ ಹಿಂದಿನದನ್ನೆಲ್ಲ ಕೆದಕುತ್ತಾ ಕೂರಬೇಡಿ. ಕಾಯಿಲೆಯಾಗಿದ್ದರೆ ವೈದ್ಯರ ಔಷಧಿಯನ್ನಂತೂ ಬಿಡಲೇಬೇಡಿ.

ಪ್ರಶ್ನೆ: ತಂದೆಯ ಪಾಪಕ್ಕೆ ಮೂರು ನಾಲ್ಕು ತಲೆಮಾರುಗಳವರೆಗೆ ದಂಡನೆ ಎಂದಿದೆ. ನಮ್ಮ ಮನೆತನಕ್ಕೂ ಅಂಥ ಶಾಪ ಇದೆಯೆಂದು ಒಬ್ಬರು ಹೇಳಿದ್ದಾರೆ. ಅದನ್ನು ಮುರಿಯಲು ವಿಶೇಷ ಪ್ರಾರ್ಥನೆ ಮಾಡಿಸಬೇಕೇ?

ಬೇಡ. ವಿಮೋಚನಕಾಂಡ 20:5–6ನ್ನು ಅರ್ಧಕ್ಕೇ ನಿಲ್ಲಿಸದೆ ಓದಿ. ‘ನನ್ನನ್ನು ದ್ವೇಷಿಸುವವರ’ ವಿಷಯದಲ್ಲಿ ಮೂರು ನಾಲ್ಕು ತಲೆಮಾರು, ಪ್ರೀತಿಸುವವರ ವಿಷಯದಲ್ಲಿ ಸಾವಿರ. ಅಳತೆ ಎತ್ತ ವಾಲಿದೆ ಎಂಬುದು ಅಲ್ಲೇ ಇದೆ.

‘ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತವು’ ಎಂಬ ಗಾದೆ, ಯೆಹೂದದ ಜನರನ್ನು ಬಾಬೆಲಿಗೆ (ಬಾಬಿಲೋನಿಗೆ) ಸೆರೆ ಒಯ್ದ ಕಾಲದಲ್ಲಿ, ಜನರ ಬಾಯಲ್ಲಿತ್ತು. ಅದನ್ನು ಇನ್ನು ಆಡಕೂಡದು ಎಂದು ಯೆಹೆಜ್ಕೇಲ 18 ಆಣೆಯಿಟ್ಟು ಹೇಳುತ್ತದೆ. ಮಗನು ತಂದೆಯ ಅಪರಾಧವನ್ನು ಹೊರುವುದಿಲ್ಲ (20ನೇ ವಚನ). ಉದಾಹರಣೆಗೆ ಕೋರಹನನ್ನು ನೋಡಿ. ಮೋಶೆಯ ವಿರುದ್ಧ ದಂಗೆಯೆದ್ದು ಅವನು ಸತ್ತ, ಆದರೆ ಅವನ ಮಕ್ಕಳು ಸಾಯಲಿಲ್ಲ ಎಂದು ಅರಣ್ಯಕಾಂಡ 26:11 ನೆನಪಿಟ್ಟು ಬರೆದಿದೆ. ‘ಬಾಯಾರಿದ ಜಿಂಕೆ ನೀರಿನ ತೊರೆಗಳನ್ನು ಬಯಸುವಂತೆ’ ಎಂಬ 42ನೇ ಕೀರ್ತನೆಯ ತಲೆಬರಹದಲ್ಲಿ ಇರುವುದು ಆ ವಂಶದ ಹೆಸರೇ.

ಕುಡಿತ, ಸಾಲ, ಹೊಡೆದಾಟ ಅಪ್ಪನಿಂದ ಮಗನಿಗೆ ಇಳಿದು ಬರುವುದುಂಟು, ನಿಜ. ಅದಕ್ಕೆ ಬೇಕಾದ್ದು ಬೇರೆ ಬದುಕು, ಅಗತ್ಯವಿದ್ದರೆ ಚಿಕಿತ್ಸೆ. ಶಾಪ ಮುರಿಯಲು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಪ್ರಶ್ನೆ: ಬಾಬೆಲನ್ನು ಬಳಸಿ ತನ್ನ ಜನರನ್ನು ಶಿಕ್ಷಿಸಿದ ದೇವರು ಆಮೇಲೆ ಬಾಬೆಲನ್ನೇ ದಂಡಿಸಿದ್ದು ನ್ಯಾಯವೇ? ಸೆರೆಗೆ ಹೇಳಿದ 70 ವರ್ಷದ ಲೆಕ್ಕವೂ ಕೂಡಿ ಬರುತ್ತಿಲ್ಲ.

ಬಾಬೆಲಿನ ತಪ್ಪು ಏನೆಂದು ಯೆಶಾಯ 47:6ರಲ್ಲಿದೆ: ಒಪ್ಪಿಸಿಕೊಟ್ಟ ಜನರಿಗೆ ಅದು ಕರುಣೆ ತೋರಿಸಲಿಲ್ಲ, ಮುದುಕರ ಮೇಲೂ ಭಾರವಾದ ನೊಗ ಹೊರಿಸಿತು. ಜೆಕರ್ಯ 1:15ರಲ್ಲಿ ಇನ್ನೂ ಸ್ಪಷ್ಟ – ನಾನು ಸ್ವಲ್ಪ ಸಿಟ್ಟಾಗಿದ್ದೆ, ಜನಾಂಗಗಳು ಕೇಡನ್ನು ಹೆಚ್ಚಿಸಿದವು. ಬೆತ್ತವಾಗಿದ್ದದ್ದು ತಾನೇ ಅಳತೆ ನಿರ್ಧರಿಸಲು ಹೊರಟಿತು. ಅಶ್ಶೂರದ ಬಗ್ಗೆಯೂ ಇದೇ ಮಾತು. ಕೊಡಲಿ ಕಡಿಯುವವನ ಮುಂದೆ ಕೊಚ್ಚಿಕೊಳ್ಳುವುದುಂಟೇ ಎಂದು ಯೆಶಾಯ 10:15 ಕೇಳುತ್ತದೆ. ತನ್ನ ಜನರಿಗೋ, ನಿನ್ನನ್ನು ಮಿತಿಮೀರದೆ ಶಿಕ್ಷಿಸುವೆನು ಎಂದು ದೇವರು ಮೊದಲೇ ಹೇಳಿದ್ದನು (ಯೆರೆಮೀಯ 30:11).

ಲೆಕ್ಕಕ್ಕೆ ಬರೋಣ. ಯೆರೂಸಲೇಮ್ ಬಿದ್ದದ್ದು ಕ್ರಿ.ಪೂ. 586ರಲ್ಲಿ (ಕೆಲವರ ಎಣಿಕೆಯಲ್ಲಿ 587). ಪಾರಸಿಯ ಕೋರೆಷ ಮರಳಲು ಅಪ್ಪಣೆ ಕೊಟ್ಟದ್ದು 538ರಲ್ಲಿ. ಇಷ್ಟನ್ನೇ ಹಿಡಿದರೆ 48 ವರ್ಷ ಮಾತ್ರ, ನಿಮಗೆ ಕೂಡಿ ಬಾರದಿರುವುದು ಅದಕ್ಕೇ. ನೆಬೂಕದ್ನೆಚ್ಚರ ಪಟ್ಟಕ್ಕೆ ಬಂದ 605ರಿಂದ ಎಣಿಸಿದರೆ 70ಕ್ಕೆ ಹತ್ತಿರ. ದೇವಾಲಯ ಸುಟ್ಟದ್ದರಿಂದ ಎರಡನೆಯ ದೇವಾಲಯ ಮುಗಿದ 516–515ರವರೆಗೆ ಎಣಿಸಿದರೂ 70. ಯೆರೆಮೀಯ 29:10ರ ಮಾತು ‘ಬಾಬೆಲಿಗೆ’ 70 ವರ್ಷ ತುಂಬಿದಾಗ ಎಂದಿರುವುದರಿಂದ ಮೊದಲನೆಯ ಎಣಿಕೆಯೇ ಆ ವಚನಕ್ಕೆ ಹೆಚ್ಚು ಹೊಂದುತ್ತದೆ. 2 ಪೂರ್ವಕಾಲವೃತ್ತಾಂತ 36:21 ಇದನ್ನು ಭೂಮಿಗೆ ಸಲ್ಲದೆ ಉಳಿದ ಸಬ್ಬತ್ತುಗಳಿಗೆ ಸೇರಿಸುತ್ತದೆ. ಏಳು ವರ್ಷಕ್ಕೊಮ್ಮೆ ಬೀಳು ಬಿಡಬೇಕಿದ್ದ ನೆಲ ಕೊನೆಗೂ ವಿಶ್ರಮಿಸಿತು.

ಸೆರೆಯಲ್ಲಿದ್ದವರಿಗೆ ಬಂದ ಆದೇಶವನ್ನು ಮರೆಯಬೇಡಿ: ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಫಲ ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ಆ ಪಟ್ಟಣದ ಒಳ್ಳೆಯದಕ್ಕಾಗಿ ಪ್ರಾರ್ಥಿಸಿರಿ (ಯೆರೆಮೀಯ 29:5–7). ಶಿಕ್ಷೆಯ ಕಾಲವೂ ಬದುಕುವ ಕಾಲವೇ ಆಗಿತ್ತು.

ಪ್ರಶ್ನೆ: ನಮ್ಮ ಬೈಬಲ್ ಅಧ್ಯಯನ ಗುಂಪಿನಲ್ಲಿ ‘ಪ್ರಲಾಪಗಳು’ ತೆಗೆದುಕೊಂಡಿದ್ದೇವೆ. ಎಲ್ಲರೂ ದೇವರ ಕೃಪೆಯನ್ನು ಹೇಳುವ 3:22–23 ಬಿಟ್ಟು ಬೇರೆ ಓದಲು ಒಪ್ಪುತ್ತಿಲ್ಲ. ಹೇಗೆ ನಡೆಸುವುದು?

ಯೆರೂಸಲೇಮಿನ ನಾಶಕ್ಕೆ ಅತ್ತ ಶೋಕಗೀತೆಗಳ ಪುಸ್ತಕ ಇದು. ಐದು ಅಧ್ಯಾಯ, ಐದು ಸಭೆ. ಹೀಬ್ರೂ ಅಕ್ಷರಗಳು 22. ಮೊದಲ ನಾಲ್ಕು ಅಧ್ಯಾಯಗಳು ಅಕ್ಷರಮಾಲೆಯ ಕ್ರಮದಲ್ಲಿವೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರು ವಚನ, ಹಾಗಾಗಿ 66. ಐದನೆಯದರಲ್ಲೂ 22 ವಚನಗಳಿವೆ, ಆದರೆ ಅಕ್ಷರಗಳ ಕ್ರಮ ಕಳಚಿಬಿದ್ದಿದೆ. ಅನುವಾದದಲ್ಲಿ ಇದು ಕಾಣದು. ಗುಂಪಿಗೆ ತೋರಿಸಬೇಕೆಂದರೆ ಪ್ರತಿಯೊಬ್ಬರಿಗೂ ಕನ್ನಡದ ಒಂದೊಂದು ಅಕ್ಷರ ಕೊಟ್ಟು, ಅದರಿಂದ ಆರಂಭವಾಗುವ ಒಂದು ದುಃಖದ ಸಾಲು ಬರೆಸಿ ನೋಡಿ. ಅಳುವಿಗೂ ಒಂದು ಕಟ್ಟು ಹಾಕಿಕೊಂಡು, ಮೊದಲ ಅಕ್ಷರದಿಂದ ಕೊನೆಯದರವರೆಗೆ ಬಿಡದೆ ಅತ್ತವರ ಶ್ರಮ ಆಗ ಗೊತ್ತಾಗುತ್ತದೆ.

ಮೂರನೇ ಅಧ್ಯಾಯವನ್ನು 1ರಿಂದ ಓದಿಸಿ. 22ಕ್ಕೆ ಜಿಗಿಯಲು ಬಿಡಬೇಡಿ. ಮೊದಲ 20 ವಚನಗಳಲ್ಲಿ ಈ ಮನುಷ್ಯ ತನ್ನ ಹಲ್ಲು ಕಲ್ಲಿನಿಂದ ನುರಿದುಹೋದವು, ಪ್ರಾರ್ಥನೆಗೂ ಬಾಗಿಲು ಮುಚ್ಚಿತು ಎನ್ನುತ್ತಾನೆ. ಅದನ್ನು ಕೇಳಿದವರಿಗೇ 22ನೇ ವಚನದ ‘ಕೃಪೆ’ ಏನೆಂದು ತಿಳಿಯುವುದು. ಅಲ್ಲಿರುವುದು ಹೆಸೆದ್ ಪದದ ಬಹುವಚನ, ಎಂಟನೆಯ ಅಕ್ಷರವಾದ ‘ಹೇತ್’ನಿಂದ ಆರಂಭ. ಹಾಗೆಯೇ 33ನೇ ವಚನಕ್ಕೆ ಸಮಯ ಕೊಡಿ: ಆತನು ಮನುಷ್ಯರನ್ನು ಬಾಧಿಸುವುದು ‘ತನ್ನ ಹೃದಯದಿಂದ’ ಅಲ್ಲ ಎಂಬುದು ಮೂಲದ ಮಾತು. ಕೊನೆಯ ಸಭೆಯಲ್ಲಿ, ನಮ್ಮನ್ನು ಸಂಪೂರ್ಣವಾಗಿ ತಳ್ಳಿಬಿಟ್ಟೆಯಾ ಎಂಬ 5:22ರ ಪ್ರಶ್ನೆಗೆ ಉತ್ತರ ಸಿಗದೆ ಪುಸ್ತಕ ಮುಗಿಯುತ್ತದೆ. ದೇವಾಲಯದ ನಾಶವನ್ನು ನೆನೆಯುವ ಆಬ್ ತಿಂಗಳ 9ರಂದು ಯೆಹೂದ್ಯರು ಇದನ್ನು ಓದಿ, ಕೊನೆಗೆ 21ನೇ ವಚನವನ್ನು ಮತ್ತೊಮ್ಮೆ ಓದುತ್ತಾರೆ: ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೋ, ತಿರುಗುವೆವು. ನಿಮ್ಮ ಗುಂಪೂ ಹಾಗೆ ಮಾಡಬಹುದು.

ಪ್ರಶ್ನೆ: ಸಭೆಯಲ್ಲಿ ಒಬ್ಬರನ್ನು ಶಿಸ್ತಿಗೆ ಒಳಪಡಿಸಿದ್ದೇವೆ. ಅವರು ತಪ್ಪು ಒಪ್ಪಿಕೊಂಡಿದ್ದಾರೆ. ಯಾವಾಗ ಮರಳಿ ಸೇರಿಸಿಕೊಳ್ಳಬೇಕು?

ಮೊದಲು, ಕ್ರಮ ಸರಿಯಾಗಿ ನಡೆದಿದೆಯೇ ನೋಡಿಕೊಳ್ಳಿ. ಮತ್ತಾಯ 18:15–17ರ ಪ್ರಕಾರ ಮೊದಲು ಇಬ್ಬರೇ ಇರುವಾಗ ಮಾತು, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಆಮೇಲೆ ಸಭೆ. ಹೆಚ್ಚಿನ ಕಡೆ ಕೆಡುವುದು ಮೊದಲ ಹೆಜ್ಜೆಯಲ್ಲಿ. ಇಬ್ಬರ ನಡುವೆ ಮುಗಿಯಬೇಕಾದದ್ದು ‘ಅವರಿಗಾಗಿ ಪ್ರಾರ್ಥಿಸಿ’ ಎಂಬ ನೆಪದಲ್ಲಿ ಹತ್ತು ಮನೆ ಸುತ್ತಿರುತ್ತದೆ. ಹಾಗಾಗಿದ್ದರೆ ಹಿರಿಯರೂ ಅವರಲ್ಲಿ ಕ್ಷಮೆ ಕೇಳಬೇಕು. ಹಿಂಸೆಗೆ, ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಮಾತ್ರ ಈ ಮೆಟ್ಟಿಲುಗಳು ಸಲ್ಲವು. ಅಲ್ಲಿ ತಕ್ಷಣ ಕಾನೂನಿಗೆ ತಿಳಿಸಬೇಕು, ನೊಂದವರನ್ನು ಮೊದಲು ಕಾಪಾಡಬೇಕು.

ಉಳಿದ ವಿಷಯಗಳಲ್ಲಿ, ಅವಧಿ ಹಾಕದ ಶಿಸ್ತು ಕ್ರೌರ್ಯಕ್ಕೆ ತಿರುಗುತ್ತದೆ. ಧರ್ಮೋಪದೇಶಕಾಂಡ 25:2–3 ಏಟಿಗೂ 40 ಎಂಬ ಮಿತಿ ಹಾಕಿದೆ. ಏಟು ಬೀಳುವ ಮೊದಲು ಅವನನ್ನು ‘ದುಷ್ಟ’ ಎಂದು ಕರೆದ ಗ್ರಂಥ, ಏಟಿನ ಮಿತಿ ಹೇಳುವಾಗ ‘ನಿನ್ನ ಸಹೋದರ’ ಎನ್ನುತ್ತದೆ. ಯೆಹೂದ್ಯ ಗುರುಗಳು ಇದನ್ನು ಗಮನಿಸಿ, ಏಟು ಮುಗಿದೊಡನೆ ಅವನು ಸಹೋದರನೇ ಎಂದರು.

ಆದ್ದರಿಂದ ದಿನಾಂಕ ಗೊತ್ತುಮಾಡಿ, ಅವರಿಗೂ ತಿಳಿಸಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಮನೆಗೆ ಹೋಗಿ ಬರಲು ಇಬ್ಬರನ್ನು ಹೆಸರಿಸಿ. ನಷ್ಟ ತುಂಬಿಕೊಡುವುದಿದ್ದರೆ ಅದು ನಡೆಯಲಿ. ಗಲಾತ್ಯ 6:1 ಇಂಥವರನ್ನು ‘ಸರಿಮಾಡಿರಿ’ ಎನ್ನುವಾಗ ಬಳಸಿದ ಗ್ರೀಕ್ ಪದವೇ ಮಾರ್ಕ 1:19ರಲ್ಲಿ ಬೆಸ್ತರು ಹರಿದ ಬಲೆ ಸರಿಮಾಡುವುದಕ್ಕೂ ಬಂದಿದೆ. ಗೊತ್ತಾದ ದಿನ ಕರ್ತನ ಮೇಜಿಗೆ ಎಲ್ಲರೆದುರು ಕರೆಯಿರಿ. ಶಿಸ್ತು ಸಭೆಗೆ ತಿಳಿದಿತ್ತು ತಾನೇ, ಸೇರ್ಪಡೆಯೂ ತಿಳಿಯಲಿ. ತಡಮಾಡಿದರೆ ಏನಾಗುತ್ತದೆಂಬ ಭಯವನ್ನು ಪೌಲನೇ 2 ಕೊರಿಂಥ 2:7ರಲ್ಲಿ ಬರೆದಿದ್ದಾನೆ: ಆ ಮನುಷ್ಯ ಮಿತಿಮೀರಿದ ದುಃಖದಲ್ಲಿ ಮುಳುಗಿಹೋದಾನು.